ಭಾವನ ಯಂತ್ರದಲ್ಲಿ ಮಾತ್ರ

ನನ್ನ ಭಾವ, ಎಂದರೆ ಅಕ್ಕನ ಗಂಡ, ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು ಎಂದು ಹೆಸರಾದವರು. ಅದಕ್ಕೆ ‘ಒರತೆ’ ಎಂದು ಹೆಸರಿಟ್ಟಿದ್ದರು. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು, ತಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿಕೊಂಡು ಬಳಸಬಹುದು ಎಂದು ಭಾವ ಇಪ್ಪತ್ತು ವರ್ಷಗಳಿಂದ ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತ ಬಂದಿದ್ದರು. ಓದಬಹುದು ಎನ್ನುವುದು ನಿಜ. ತಿದ್ದಬಹುದು ಎನ್ನುವುದೂ ನಿಜ. ಬಿಲ್ಡ್ ಮಾಡಿಕೊಳ್ಳಬಹುದು ಎನ್ನುವುದು ಮಾತ್ರ ಹಸಿ ಸುಳ್ಳು. ಮನುಷ್ಯರು ಬರೆದಿಟ್ಟ ಸಾವಿರಾರು ಕಡತಗಳನ್ನು ಒಂದರ ಹಿಂದೆ ಒಂದರಂತೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸಿ, ಕೊನೆಗೆ ಎಲ್ಲವನ್ನೂ ಕೂಡಿಸಿ ನಿಲ್ಲಿಸುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಒರತೆಯ ಬಿಲ್ಡ್ ಈ ಭೂಮಿಯ ಮೇಲೆ ಒಂದೇ ಒಂದು ಯಂತ್ರದಲ್ಲಿ ಆಗುತ್ತಿತ್ತು. ಆ ಯಂತ್ರ ಭಾವನ ಮೇಜಿನ ಕೆಳಗೆ, ಅವರ ಚಪ್ಪಲಿಗಳ ಪಕ್ಕದಲ್ಲಿತ್ತು.

ನನಗೆ ಇದೆಲ್ಲ ಗೊತ್ತಾಗುವ ಪ್ರಮೇಯವೇ ಇರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಲೈಬ್ರರಿಯಲ್ಲಿ ಪುಸ್ತಕಗಳ ಸೂಚಿ ಮಾಡುತ್ತಿದ್ದವಳು. ಮೂರು ಲೈಬ್ರರಿಗಳನ್ನು ಸೇರಿಸಿ ಒಂದು ಮಾಡಿದಾಗ ಸೂಚಿಯವರು ಒಬ್ಬರೇ ಸಾಕು ಎಂದಾಯಿತು, ಆ ಒಬ್ಬರು ನಾನಾಗಿರಲಿಲ್ಲ. ನಾನು ಮನೆಯಲ್ಲಿ ಕುಳಿತು ಮಸಾಲೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿರುವುದನ್ನು ನೋಡಿದ ಅಕ್ಕ ಹೆದರಿದಳೋ ಏನೋ, ಭಾವನಿಗೆ ಹೇಳಿ ಅವರ ಪ್ರತಿಷ್ಠಾನದಲ್ಲಿ ಕೆಲಸ ಕೊಡಿಸಿದಳು.

ಪ್ರತಿಷ್ಠಾನ ಎಂದರೆ ಎರಡನೆಯ ಮಹಡಿಯ ಎರಡು ಕೋಣೆ. ಮೊದಲು ಅಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರಂತೆ. ಕುರ್ಚಿ ಬಿಗಿದಿದ್ದ ನಾಲ್ಕು ಬೋಲ್ಟುಗಳು ನೆಲದಿಂದ ಇನ್ನೂ ಮೇಲೆದ್ದು ನಿಂತಿದ್ದವು, ಬಂದವರೆಲ್ಲ ಒಮ್ಮೆಯಾದರೂ ಎಡವುತ್ತಿದ್ದರು. ಒಳಕೋಣೆ ಭಾವನದು. ಹೊರಕೋಣೆಯಲ್ಲಿ ಇಬ್ಬರು ಪ್ರೋಗ್ರಾಮರುಗಳು ಕೂರುತ್ತಿದ್ದರು. ಒಬ್ಬ ಉದ್ದ, ಒಬ್ಬ ಗಿಡ್ಡ. ಇಬ್ಬರಿಗೂ ನಲವತ್ತು ದಾಟಿತ್ತು. ಭಾವ ಒಳಗಿನಿಂದ ಕೆಮ್ಮಿದರೆ ಇವರು ಕೀಬೋರ್ಡ್ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು, ಕೆಮ್ಮಿನಲ್ಲೂ ಏನೋ ಅರ್ಥವಿದೆ ಎಂಬಂತೆ. ಅವರು ನನ್ನನ್ನು ಲೈಬ್ರರಿಯಮ್ಮ ಎಂದು ಕರೆದರು. ನಾನು ಬೇಡವೆನ್ನಲಿಲ್ಲ.

ಮೊದಲ ದಿನವೇ ಭಾವ ನನಗೆ ಗೆರೆ ಎಳೆದುಕೊಟ್ಟರು. ನಾನು ಕೋಡ್ ಮುಟ್ಟಕೂಡದು. ಫೋಲ್ಡರುಗಳಿಗೆ ಒಂದು ಸೂಚಿ ಮಾಡಬೇಕು, ಹಳೆಯ ಪತ್ರಗಳನ್ನು ಜೋಡಿಸಬೇಕು, ಯಾರಾದರೂ ಬಂದರೆ ಚಹಾ ಹೇಳಬೇಕು. “ಇದು ಪುಸ್ತಕ ಅಲ್ಲಮ್ಮ, ಬೆನ್ನು ನೋಡಿ ಅಟ್ಟಕ್ಕೆ ಹಾಕೋಕೆ,” ಎಂದರು. ಉದ್ದ ಮತ್ತು ಗಿಡ್ಡ ನಕ್ಕರು. ಪುಸ್ತಕವನ್ನು ಬೆನ್ನು ನೋಡಿ ಅಟ್ಟಕ್ಕೆ ಹಾಕುವವರು ಯಾರೂ ನನ್ನ ಲೈಬ್ರರಿಯಲ್ಲಿ ಒಂದು ವಾರ ಬಾಳುತ್ತಿರಲಿಲ್ಲ, ಆದರೆ ಅದನ್ನು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ.

ಸೂಚಿ ಮಾಡಲು ಕುಳಿತವಳಿಗೆ ಒರತೆಯ ಒಳಗು ಕಂಡಿತು. ಮೇಲಿನ ಹತ್ತು ಹನ್ನೆರಡು ಫೋಲ್ಡರುಗಳು ಅಚ್ಚುಕಟ್ಟಾಗಿದ್ದವು. ಅವುಗಳ ಚಿತ್ರವನ್ನೇ ಭಾವ ಭಾಷಣಗಳಲ್ಲಿ ತೋರಿಸುತ್ತಿದ್ದದ್ದು. ಕೆಳಗೆ ‘ಇತರೆ’ ಎಂಬ ಒಂದು ಫೋಲ್ಡರ್ ಇತ್ತು. ಅದರೊಳಗೆ ಸಾವಿರದ ನಾನೂರು ಕಡತಗಳು. ಗಡಿಯಾರದ ಕೋಡ್ ಅಲ್ಲೇ, ಅಕ್ಷರ ಮೂಡಿಸುವ ಕೋಡ್ ಅಲ್ಲೇ, ಬಿಲ್ಡಿಗೆ ಬೇಕಾದ ಸಲಕರಣೆಗಳೂ ಅಲ್ಲೇ. ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ: ‘ಇತರೆ’ ಎಂದು ಬರೆದವನಿಗೆ ಆ ದಿನ ಯೋಚಿಸಲು ಸೋಮಾರಿತನವಿತ್ತು ಎಂದೇ ಅರ್ಥ. ಇದನ್ನು ಒಡೆದು ಎರಡೋ ಮೂರೋ ಮಾಡಬಾರದೇ ಎಂದು ನಾನು ಭಾವನನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, ಅದು ಬಹಳ ಆಳವಾದ ವಿಷಯ, ಅದರ ತಂಟೆಗೆ ಹೋಗಬೇಡ ಎಂದರು. ಆಳವಾದ ವಿಷಯ ಎಂದಾಗ ಗಿಡ್ಡನೂ ಗಂಭೀರವಾಗಿ ತಲೆಯಾಡಿಸಿದ. ಕೇಳಿದರೆ ಅವನಿಗೂ ಅದೇನೆಂದು ಗೊತ್ತಿರಲಿಲ್ಲ.

ಆಮೇಲೆ ಪತ್ರಗಳಿಗೆ ಕೈ ಹಾಕಿದೆ. ಎಲ್ಲೆಲ್ಲಿಂದಲೋ ಜನ ಬರೆದಿದ್ದರು: ಕಾಲೇಜಿನ ಮೇಷ್ಟರು, ರೇಡಿಯೋ ರಿಪೇರಿಯವರು, ಹವಾಮಾನ ಕಚೇರಿಯ ಗುಮಾಸ್ತೆ, ಇಬ್ಬರು ಮಕ್ಕಳ ತಾಯಿಯೊಬ್ಬಳು. ಎಲ್ಲರೂ ಒರತೆಯನ್ನು ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಲು ಹೋಗಿ ಸೋತವರು. ಬಿಲ್ಡ್ ನಿಂತಾಗ ಪರದೆಯ ಮೇಲೆ ಬಂದ ಸಾಲುಗಳನ್ನು ಶ್ರದ್ಧೆಯಿಂದ ನಕಲು ಮಾಡಿ ಕಳಿಸಿದ್ದರು. ಪ್ರತಿ ಪತ್ರಕ್ಕೂ ಭಾವ ಉತ್ತರ ಕೊಟ್ಟಿದ್ದರು, ಅದೂ ಒಂದೇ ಉತ್ತರ: ದೋಷ ನಿಮ್ಮ ಯಂತ್ರದಲ್ಲಿದೆ, ಇಂಥದ್ದಕ್ಕೆ ಕೈ ಹಾಕುವ ಮೊದಲು ಸ್ವಲ್ಪ ಓದಿಕೊಳ್ಳಿ. ಹವಾಮಾನದ ಗುಮಾಸ್ತೆ ಮತ್ತೆ ಬರೆದು ಕ್ಷಮೆ ಕೇಳಿದ್ದರು. ಆ ಪತ್ರ ಓದಿದಾಗ ನನಗೆ ಮೈ ಉರಿಯಿತು.

ಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸು ಎಂದಿದ್ದರು ಭಾವ. ನಾನು ಜೋಡಿಸಿದೆ. ಅದರಿಂದ ಏನೂ ತಿಳಿಯಲಿಲ್ಲ. ಆಮೇಲೆ ನನ್ನ ಪಾಡಿಗೆ, ಬಿಲ್ಡ್ ಎಲ್ಲಿ ನಿಂತಿತು ಎಂಬುದರ ಪ್ರಕಾರ ಜೋಡಿಸಿದೆ. ಮುನ್ನೂರ ಹನ್ನೆರಡು ಪತ್ರಗಳಲ್ಲಿ ಇನ್ನೂರ ತೊಂಬತ್ತು ಒಂದೇ ಕಡೆ ನಿಂತಿದ್ದವು, ‘ಇತರೆ’ ಫೋಲ್ಡರಿನ ಒಂದೇ ಕಡತದ ಒಂದೇ ಸಾಲಿನಲ್ಲಿ. ಇನ್ನೂರ ತೊಂಬತ್ತು ಮಂದಿಯ ಯಂತ್ರಗಳಿಗೆ ಹದಿನೆಂಟು ವರ್ಷಗಳ ಉದ್ದಕ್ಕೂ ಒಂದೇ ದೋಷ ಹತ್ತಿಕೊಂಡಿತ್ತೇ?

ನನ್ನ ಹಳೆಯ ಲೈಬ್ರರಿ ಮಾರಾಟಕ್ಕಿಟ್ಟ ಸಾಮಾನಿನಲ್ಲಿ ಒಂದು ಕಂಪ್ಯೂಟರ್ ಇತ್ತು, ನಾನೇ ಎಂಟು ವರ್ಷ ಬಳಸಿದ್ದು. ಅದನ್ನು ಕೊಂಡು ತಂದು ಹೊರಕೋಣೆಯ ಮೂಲೆಯಲ್ಲಿಟ್ಟೆ. ಎಲ್ಲ ಅಳಿಸಿ ಖಾಲಿ ಮಾಡಿ, ಪ್ರತಿಷ್ಠಾನದವರೇ ಅಚ್ಚು ಹಾಕಿಸಿದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಟೈಪ್ ಮಾಡಿದೆ. ನಲವತ್ತು ನಿಮಿಷ ಸರಾಗವಾಗಿ ಓಡಿತು. ಆಮೇಲೆ ನಿಂತಿತು, ಅದೇ ಕಡತ, ಅದೇ ಸಾಲು. ಉದ್ದನನ್ನು ಕರೆದು ತೋರಿಸಿದೆ. ಅವನು ಪರದೆಯನ್ನೂ ನನ್ನನ್ನೂ ನೋಡಿ, ತಾನು ಹನ್ನೊಂದು ವರ್ಷದಿಂದ ಇಲ್ಲಿದ್ದರೂ ಪೂರ್ತಿ ಬಿಲ್ಡ್ ಒಮ್ಮೆಯೂ ಮಾಡಿಲ್ಲ, ಅದು ಸಾರ್ ಅವರೇ ಮಾಡುವ ಕೆಲಸ ಎಂದ. ಅದನ್ನು ಹೆಮ್ಮೆಯಿಂದ ಹೇಳಿದ. ಅಡುಗೆಮನೆಗೆ ಒಮ್ಮೆಯೂ ಕಾಲಿಡದ ಅಡುಗೆಯವನ ಹೆಮ್ಮೆ ಅದು.

ಭಾವನಿಗೆ ಹೇಳಿದಾಗ ಅವರು ಎದ್ದು ಬಂದು ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

“ಲೈಬ್ರರಿ ಮೆಷಿನ್ನು, ಇನ್ನೇನಾಗತ್ತೆ,” ಎಂದರು.

“ಇನ್ನೂರ ತೊಂಬತ್ತು ಜನರದ್ದೂ ಲೈಬ್ರರಿ ಮೆಷಿನ್ನಾ ಭಾವ?”

ಅವರು ನನ್ನನ್ನು ಒಂದು ಕ್ಷಣ ನೋಡಿ, ಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸು ಎಂದಿರಲಿಲ್ಲವೇ ಎಂದು ಕೇಳಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ವಿಷಯ ಅವರಿಗೆ ಮೊದಲೇ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಅವರನ್ನು ಬರೀ ಜಂಬಗಾರ ಎಂದುಕೊಂಡಿದ್ದೆ. ಅಂದಿನಿಂದ ಅವರ ಮೇಲೆ ನನಗಿದ್ದ ಅಷ್ಟಿಷ್ಟು ಮರ್ಯಾದೆಯೂ ಹೋಯಿತು. ಬಹುವಚನ ಮಾತ್ರ ಉಳಿಯಿತು, ಅದು ಅಕ್ಕನ ಸಲುವಾಗಿ.

ಆ ತಿಂಗಳ ಕೊನೆಗೆ ಒಂದು ದೊಡ್ಡ ಸಂದರ್ಭ ಬಂತು. ಏಳು ಕಣ್ಣಿನ ಆಸ್ಪತ್ರೆಗಳು ಒಟ್ಟಾಗಿ ತಮ್ಮ ತಪಾಸಣೆಯ ಯಂತ್ರಗಳಿಗೆ ಒರತೆಯನ್ನು ಹಾಕುವ ಯೋಚನೆಯಲ್ಲಿದ್ದವು. ಅವರ ಎಂಜಿನಿಯರ್ ನೋಡಲು ಬರುವವರಿದ್ದರು. ಭಾವ ಹೊಸ ಅಂಗಿ ಹೊಲಿಸಿಕೊಂಡರು. ಗೋಡೆಗೆ ಫೋಲ್ಡರುಗಳ ಚಿತ್ರದ ಹೊಸ ಪ್ರತಿ ಬಂತು, ಅದರಲ್ಲಿ ‘ಇತರೆ’ ಇರಲಿಲ್ಲ.

ಬಂದ ಎಂಜಿನಿಯರ್ ಐವತ್ತರ ಆಸುಪಾಸಿನ ಹೆಂಗಸು. ಸವೆದ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ, ಮಾತು ಕಡಿಮೆ. ಒಳಗೆ ಬರುವಾಗ ಬೋಲ್ಟಿಗೆ ಎಡವಿದರೂ ಏನೂ ಅನ್ನಲಿಲ್ಲ. ಭಾವ ಮುಕ್ಕಾಲು ಗಂಟೆ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಜ್ಞಾನ ಹಂಚಿದಷ್ಟೂ ಬೆಳೆಯುತ್ತದೆ ಎಂದರು, ಬೀಗವಿಲ್ಲದ ಮನೆ ಎಂದರು. ಆಕೆ ಪೂರ್ತಿ ಕೇಳಿಸಿಕೊಂಡು, ತಮ್ಮ ಕಡೆಯವರೇ ಬಿಲ್ಡ್ ಮಾಡಿಕೊಳ್ಳುವಂತಿರಬೇಕು, ಆಸ್ಪತ್ರೆಯ ನಿಯಮ ಹಾಗಿದೆ, ಒಂದು ಖಾಲಿ ಯಂತ್ರದಲ್ಲಿ ಮಾಡಿ ತೋರಿಸಿ ಎಂದರು. ಅಲ್ಲಿ ಖಾಲಿ ಯಂತ್ರ ಎಂದರೆ ನನ್ನ ಮೂಲೆಯದೊಂದೇ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಭಾವ ಜೇಬಿನಿಂದ ಪುಟ್ಟ ಪೆನ್ ಡ್ರೈವ್ ತೆಗೆದು, ಮಾತಾಡುತ್ತಲೇ ಅದನ್ನು ಯಂತ್ರಕ್ಕೆ ಚುಚ್ಚಿದರು. ಬಿಲ್ಡ್ ಶುರುವಾಯಿತು. ನಾನು ಗೋಡೆ ಗಡಿಯಾರ ನೋಡುತ್ತ ನಿಂತೆ. ನಲವತ್ತು ನಿಮಿಷವಾಯಿತು, ನಲವತ್ತೈದಾಯಿತು. ನಿಲ್ಲಬೇಕಾದ ಕಡೆ ಅದು ನಿಲ್ಲಲಿಲ್ಲ. ಭಾವ ಕುರ್ಚಿಗೆ ಒರಗಿ ಉದ್ದನ ಕಡೆ ನೋಡಿ ಮುಗುಳ್ನಕ್ಕರು. ಉದ್ದ ಗಿಡ್ಡನ ಕಡೆ ನೋಡಿ ನಕ್ಕ. ಗಿಡ್ಡನಿಗೆ ನಗಲು ನಾನೇ ಉಳಿದಿದ್ದೆ.

ಎಂಜಿನಿಯರ್ ಪರದೆ ನೋಡುತ್ತಿರಲಿಲ್ಲ, ಪೆನ್ ಡ್ರೈವ್ ನೋಡುತ್ತಿದ್ದರು. ಅದರ ಪುಟ್ಟ ದೀಪ ಮಿನುಗುತ್ತಿತ್ತು.

“ಅದರಲ್ಲಿ ಏನಿದೆ?” ಎಂದರು.

“ನನ್ನ ಕೀಬೋರ್ಡಿನ ಸೆಟ್ಟಿಂಗು, ಅಷ್ಟೇ. ಕೈ ಅದಕ್ಕೆ ಒಗ್ಗಿಹೋಗಿದೆ.”

“ಹಾಗಾದ್ರೆ ಅದನ್ನ ತೆಗೆದು ಇನ್ನೊಂದ್ಸಲ ಮಾಡಿ.”

“ಇಲ್ಲಿಗೆ ಬರೋಕೇ ಇನ್ನೂ ಮುಕ್ಕಾಲು ಗಂಟೆ ಆಗತ್ತೆ ಮೇಡಂ. ನಿಮ್ಮ ಸಮಯ—”

“ನಂಗೆ ಸಮಯ ಇದೆ,” ಎಂದರು ಆಕೆ. “ಮಧ್ಯರಾತ್ರಿ ಯಂತ್ರ ಕೆಟ್ಟರೆ ನಿಮ್ಮನ್ನ ಜೇಬಿನ ಸಮೇತ ಕರೆಸೋಕೆ ಆಗಲ್ಲ ನೋಡಿ.”

ಭಾವ ಡ್ರೈವಿಗೆ ಕೈ ಹಾಕಲಿಲ್ಲ. ತಲೆನೋವು ಎಂದರು, ಇವತ್ತು ಕರೆಂಟಿನ ಏರಿಳಿತ ಸರಿಯಿಲ್ಲ ಎಂದರು. ಆಗ ನಾನು ಬಗ್ಗಿ ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು ಆ ಡ್ರೈವನ್ನು ತೆರೆದೆ. ನಾದಿನಿಯಾದವಳು ಮಾಡಬಾರದ ಕೆಲಸ, ಒಪ್ಪುತ್ತೇನೆ. ಒಳಗೆ ಒಂದೇ ಒಂದು ಕಡತವಿತ್ತು. ಅರವತ್ತು ಸಾಲು. ಮೊದಲ ಸಾಲಿನಲ್ಲಿ ಹದಿನೆಂಟು ವರ್ಷ ಹಿಂದಿನ ತಾರೀಕು. ಅದರ ಕೆಳಗೆ: ‘ತಾತ್ಕಾಲಿಕ. ಮುಂದಿನ ವಾರ ಇದನ್ನು ಎಸೆಯುವುದು. — ಸೋಡಾಬುಡ್ಡಿ.’

ಎಂಜಿನಿಯರ್ ಅದನ್ನು ಓದಿದರು. ಉದ್ದನೂ ಗಿಡ್ಡನೂ ಬಗ್ಗಿ ಓದಿದರು. ಆಕೆ ಚೀಲ ಹೆಗಲಿಗೇರಿಸಿ, ಯಾರ ಜೇಬಿನ ನೆರವೂ ಇಲ್ಲದೆ ಬಿಲ್ಡ್ ಆಗುವ ದಿನ ತಿಳಿಸಿ, ಬರುತ್ತೇನೆ ಎಂದು ನನಗೆ ಹೇಳಿ ಹೋದರು. ಭಾವನಿಗೆ ಹೇಳಲಿಲ್ಲ. ಭಾವ ಡ್ರೈವ್ ಕಿತ್ತುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಅಕ್ಕ ನನ್ನ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

“ಜನರ ಮುಂದೆ ಅವರ ಮಾನ ತೆಗೆದೇ ತೀರಬೇಕಿತ್ತಾ ನಿಂಗೆ?”

ಮಾನ ಅವರೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು, ನಾನು ತೆರೆದು ತೋರಿಸಿದೆ ಅಷ್ಟೆ ಎಂದೆ. ಆಮೇಲೆ, ಯಾರು ಈ ಸೋಡಾಬುಡ್ಡಿ ಎಂದು ಕೇಳಿದೆ. ಅಕ್ಕ ಕಿಟಕಿಯ ಕಡೆ ತಿರುಗಿ ಹೇಳಿದಳು. ಒರತೆ ಶುರುವಾದಾಗ ಇಬ್ಬರಿದ್ದರು. ದಪ್ಪ ಗಾಜಿನ ಕನ್ನಡಕದ ಗೆಳೆಯ, ಅವಳ ಊಟದ ಮೇಜಿನ ಮೇಲೇ ಇಬ್ಬರೂ ಬರೆದದ್ದು. ಎರಡನೆಯ ವರ್ಷ ಪತ್ರಿಕೆಯವರು ಬಂದು ಫೋಟೋ ತೆಗೆದರು. ಅಂದು ಭಾವ ಗೆಳೆಯನಿಗೆ ಹೇಳಿ ಕಳಿಸಲಿಲ್ಲ. ಗೆಳೆಯ ಮತ್ತೆ ಬರಲಿಲ್ಲ.

“ನಾನೇ ಹೇಳಿಕಳಿಸಬಹುದಿತ್ತು,” ಎಂದಳು ಅಕ್ಕ. “ಹೇಳಿಕಳಿಸಲಿಲ್ಲ.” ಅಷ್ಟು ಹೇಳಿ, ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದಳು. ಅದರಲ್ಲಿ ಆ ಗೆಳೆಯನ ವಿಳಾಸವಿತ್ತು. ಬರುವ ಮೊದಲೇ ಬರೆದು ತಂದಿದ್ದಳು.

ಸೋಡಾಬುಡ್ಡಿ ಈಗ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ. ಕಪಾಟಿನಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕುಳಿತಿದ್ದವು, ಮೇಲೆ ಒಂದು ಚೂರು ಧೂಳಿರಲಿಲ್ಲ. ನಾನು ಅನ್ಯಾಯಕ್ಕೊಳಗಾದ ದೊಡ್ಡ ಮನುಷ್ಯನೊಬ್ಬನನ್ನು ನೋಡುವ ಸಿದ್ಧತೆಯಲ್ಲಿ ಹೋಗಿದ್ದೆ. ಕಂಡದ್ದು ಮುಖ ಗಂಟಿಕ್ಕಿಕೊಂಡ ಮುದುಕ. ಒರತೆ ಎಂದ ಕೂಡಲೇ, ಅದು ಇನ್ನೂ ಇದೆಯೇ ಎಂದರು, ಸತ್ತ ನಾಯಿಯ ವಿಷಯ ಕೇಳಿದಂತೆ.

ಭಾವ ಡ್ರೈವ್ ಕೀಳುವ ಮೊದಲೇ ಮೂಲೆಯ ಯಂತ್ರಕ್ಕೆ ನಕಲು ಮಾಡಿಕೊಂಡು, ಆಮೇಲೆ ಕಾಗದಕ್ಕೆ ಇಳಿಸಿದ್ದ ಅರವತ್ತು ಸಾಲುಗಳನ್ನು ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ ಅಸಹ್ಯ ಹರಡಿತು.

“ಇದನ್ನ ಇಟ್ಕೊಂಡಿದಾನಾ ಅವನು? ಇಷ್ಟು ವರ್ಷ?”

“ಜೇಬಲ್ಲಿ.”

“ಇದು ಕಸ ಕಣಮ್ಮ. ಒಂದು ಮಧ್ಯಾಹ್ನ ಗೀಚಿದ್ದು. ಎಸಿ ಅಂತ ಬರೆದೂ ಇಟ್ಟಿದ್ದೀನಲ್ಲ.”

ಅಂಗಡಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ‘ಇತರೆ’ ಫೋಲ್ಡರಿನಲ್ಲಿ ಒಂದು ಸಲಕರಣೆ ಇತ್ತು. ಅದನ್ನು ಕಟ್ಟಲು ಅದೇ ಫೋಲ್ಡರಿನ ಪಟ್ಟಿಯೊಂದು ಮೊದಲೇ ಸಿದ್ಧವಿರಬೇಕು. ಆ ಪಟ್ಟಿಯನ್ನು ಸಿದ್ಧಮಾಡುವುದು ಅದೇ ಸಲಕರಣೆ. ಅದಕ್ಕೆ ಇದು ಬೇಕು, ಇದಕ್ಕೆ ಅದು ಬೇಕು, ಯಾವುದು ಮೊದಲು? ಈ ಅರವತ್ತು ಸಾಲು ಹಳೆಯ ಪಟ್ಟಿಯೊಂದನ್ನು ಕದ್ದು ಒಳಗೆ ತುರುಕಿ, ಬಿಲ್ಡನ್ನು ಮೋಸಗೊಳಿಸಿ ಮುಂದೆ ತಳ್ಳುತ್ತಿತ್ತು. ಸರಿಯಾದ ದಾರಿ ಬೇರೆಯೇ ಇತ್ತು. ನಾನು ಅವರ ಕೈಯಿಂದ ಪೆನ್ನು ತೆಗೆದುಕೊಂಡು ‘ಇತರೆ’ಯ ಮಧ್ಯೆ ಒಂದು ಗೆರೆ ಎಳೆದೆ: ಸಲಕರಣೆಗಳು ಒಂದು ಕಡೆ, ಅವು ಬಳಸುವ ಸಾಮಗ್ರಿ ಇನ್ನೊಂದು ಕಡೆ, ಪಟ್ಟಿ ಎರಡಕ್ಕೂ ಮೊದಲು, ಕೈಯಲ್ಲೇ ಬರೆದದ್ದು. ಅವರು ಗೆರೆಯನ್ನು ನೋಡಿ, ನೀವು ಯಾವ ಕಂಪನಿಯವರು ಎಂದು ಕೇಳಿದರು. ಲೈಬ್ರರಿಯವಳು ಎಂದೆ. ಹೂಂ ಎಂದರು. ಆ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಏಕೈಕ ಹೊಗಳಿಕೆ ಆ ಹೂಂ.

ಬಂದು ಕೆಲಸಕ್ಕೆ ಸೇರಿಕೊಳ್ಳಿ, ನಿಮ್ಮ ಹೆಸರು ಎಲ್ಲರಿಗೂ ತಿಳಿಯಲಿ ಎಂದೆ. ಅವರು ಒಪ್ಪಲಿಲ್ಲ. ಆ ಕಸದ ಪಕ್ಕ ತಮ್ಮ ಹೆಸರು ಬರೆದರೆ ನಾಚಿಕೆಗೇಡು, ಇಲ್ಲಿ ಒಂದು ಗ್ರಾಂ ಹೆಚ್ಚು ಕಡಿಮೆಯಾದರೆ ಜನ ಜಗಳಕ್ಕೆ ಬರುತ್ತಾರೆ, ಅಲ್ಲಿ ಹದಿನೆಂಟು ವರ್ಷ ಯಾರೂ ಕೇಳಲಿಲ್ಲ, ಅಂಥ ಕಡೆ ತಮಗೇನು ಕೆಲಸ ಎಂದರು. ಕೇಳಿದವರಿದ್ದರು, ಇನ್ನೂರ ತೊಂಬತ್ತು ಜನ, ಎಂದೆ. ಅವರು ಅಂಗಡಿಯ ಫೋನ್ ನಂಬರ್ ಬರೆದುಕೊಟ್ಟರು. ಮಾರನೆಯ ವಾರದಿಂದ ಫೋನಿನಲ್ಲಿ ಸಂಶಯಗಳಿಗೆ ಉತ್ತರ ಹೇಳಲು ಒಪ್ಪಿದರು, ಬೈಯುತ್ತ ಬೈಯುತ್ತ.

ಹತ್ತು ದಿನ ಹಿಡಿಯಿತು. ಸಾವಿರದ ನಾನೂರು ಕಡತಗಳಿಗೂ ಚೀಟಿ ಬರೆದೆ: ಇದು ಏನು, ಇದಕ್ಕೆ ಯಾವುದು ಬೇಕು, ಇದು ಯಾವುದಕ್ಕೆ ಬೇಕು. ಉದ್ದ ಮತ್ತು ಗಿಡ್ಡ ಮೊದಲ ಎರಡು ದಿನ ಒಳಕೋಣೆಯ ಬಾಗಿಲು ನೋಡುತ್ತ ಕುಳಿತಿದ್ದರು. ಒಳಗಿನಿಂದ ಕೆಮ್ಮು ಬರಲಿಲ್ಲ. ಭಾವ ಮೈ ಸರಿಯಿಲ್ಲವೆಂದು ಮನೆಯಲ್ಲಿದ್ದರು. ಮೂರನೆಯ ದಿನ ಉದ್ದ ಮತ್ತು ಗಿಡ್ಡ ಇಬ್ಬರೂ ನಾಚುತ್ತ ಬಂದು ತಮಗೂ ಏನಾದರೂ ಕೊಡಿ ಎಂದರು. ಚೀಟಿಗಳ ಪ್ರಕಾರ ಕಡತಗಳನ್ನು ಸರಿಸುವ ಕೆಲಸ ಅವರಿಗೆ ಕೊಟ್ಟೆ. ಕೋಡ್ ಗೊತ್ತಿದ್ದವರು ಅವರೇ, ನಾನಲ್ಲ. ಕೆಲಸ ಚೆನ್ನಾಗಿಯೇ ಮಾಡಿದರು. ಇಷ್ಟು ಬಲ್ಲವರು ಹನ್ನೊಂದು ವರ್ಷ ಕೆಮ್ಮಿಗೆ ಕಿವಿಗೊಟ್ಟು ಕುಳಿತಿದ್ದರಲ್ಲ ಎಂದು ನನ್ನ ತಿರಸ್ಕಾರ ಕಡಿಮೆಯಾಗುವ ಬದಲು ಹೆಚ್ಚೇ ಆಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ ಮೂಲೆಯ ಯಂತ್ರದಲ್ಲಿ ಬಿಲ್ಡ್ ಶುರುಮಾಡಿದೆವು. ನಲವತ್ತನೆಯ ನಿಮಿಷ ದಾಟಿತು. ಒಟ್ಟು ಎರಡು ಗಂಟೆಯಲ್ಲಿ ಮುಗಿಯಿತು. ಗಿಡ್ಡ ತನ್ನ ಯಂತ್ರದಲ್ಲಿ ಮಾಡಿದ, ಉದ್ದ ತನ್ನದರಲ್ಲಿ. ಮೂರರಲ್ಲೂ ಬಂದದ್ದನ್ನು ಹೋಲಿಸಿದರೆ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಗಿಡ್ಡನ ಕಣ್ಣು ತುಂಬಿ ಬಂತು. ನಾನು ಎಂಜಿನಿಯರಿಗೆ ಪತ್ರ ಬರೆದೆ. ಆಮೇಲೆ ಇನ್ನೂರ ತೊಂಬತ್ತು ಮಂದಿಗೂ ಬರೆದೆ: ದೋಷ ನಿಮ್ಮ ಯಂತ್ರದಲ್ಲಿರಲಿಲ್ಲ, ನಮ್ಮಲ್ಲಿತ್ತು. ಹವಾಮಾನದ ಗುಮಾಸ್ತೆಗೆ ಮೊದಲು ಬರೆದೆ. ಅವರು ತೀರಿಕೊಂಡು ಆರು ವರ್ಷವಾಯಿತೆಂದು ಅವರ ಮಗಳಿಂದ ಉತ್ತರ ಬಂತು.

ಆಸ್ಪತ್ರೆಗಳು ಒರತೆಯನ್ನು ತೆಗೆದುಕೊಂಡವು. ಎಂಜಿನಿಯರ್ ಮತ್ತೆ ಬರಲೇ ಇಲ್ಲ; ಅವರ ಕಡೆಯವರೇ ಬಿಲ್ಡ್ ಮಾಡಿಕೊಂಡರು, ಬರುವ ಅಗತ್ಯವೇ ಬೀಳಲಿಲ್ಲ.

ವಾರ್ಷಿಕ ಸಭೆಯಲ್ಲಿ ಭಾವ ಹೊಸ ಅಂಗಿ ತೊಟ್ಟು ವೇದಿಕೆ ಹತ್ತಿದರು. ಸೋರ್ಸ್ ಕೋಡನ್ನು ಹೊಸದಾಗಿ ಸಂಘಟಿಸುವುದು ತಮ್ಮ ಬಹುಕಾಲದ ಕನಸಾಗಿತ್ತು, ಅದು ಈಗ ಕೈಗೂಡಿದೆ ಎಂದರು. ಚಪ್ಪಾಳೆ ಬಿತ್ತು. ಉದ್ದ ನನ್ನ ಕಡೆ ತಿರುಗಿದ, ನಾನೇನಾದರೂ ಎದ್ದು ಹೇಳುತ್ತೇನೋ ಎಂದು. ಹೇಳಬಹುದಿತ್ತು. ಮೊದಲ ಸಾಲಿನಲ್ಲಿ ಅಕ್ಕ ಕುಳಿತಿದ್ದಳು, ಚಪ್ಪಾಳೆ ತಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅವಳನ್ನು ನೋಡಿ ನಾನು ಸುಮ್ಮನಿದ್ದೆ.

ಸಭೆ ಮುಗಿದು ಕೆಲವು ದಿನಗಳಿಗೆ ಭಾವನ ಹಳೆಯ ಯಂತ್ರ ಕೆಟ್ಟು ಹೊಸದು ಬಂತು. ಅದರಲ್ಲಿ ಒರತೆ ಬಿಲ್ಡ್ ಮಾಡುವುದು ಹೇಗೆಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ, ಅಕ್ಕನಿಂದ ಕೇಳಿಸಿದರು. ಹೋದೆ. ನಾವು ಹೊಸದಾಗಿ ಬರೆದ ಕೈಪಿಡಿಯನ್ನು ಮುಂದಿಟ್ಟು ಪಕ್ಕದಲ್ಲಿ ಕುಳಿತೆ. ಅವರು ಒಂದೊಂದೇ ಸಾಲು ಓದಿ ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಮೂರನೆಯ ಪುಟದಲ್ಲಿ ಒಂದು ಕಾಗುಣಿತದ ತಪ್ಪು ಹುಡುಕಿ ಕೆಂಪು ಪೆನ್ನಿನಿಂದ ತಿದ್ದಿದರು. ಎರಡು ಗಂಟೆಯಲ್ಲಿ ಬಿಲ್ಡ್ ಮುಗಿಯಿತು.

“ಪರವಾಗಿಲ್ಲ,” ಎಂದರು ಪರದೆ ನೋಡುತ್ತ. “ಆದ್ರೆ ನನ್ನ ಹಳೇ ವಿಧಾನ ಇನ್ನೂ ಬೇಗ ಆಗ್ತಿತ್ತು.”

ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಭಾವನಿಗೆ ವಯಸ್ಸಾಗಿತ್ತು. ನನಗೆ ಮರುಕ ಬರಬೇಕಿತ್ತು. ಕಾದೆ, ಬರಲಿಲ್ಲ. ಹೌದು ಭಾವ, ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.